ಪಾಸ್‌ಪೋರ್ಟ್ ಒತ್ತೆಯಿಟ್ಟು ಸ್ಕೂಟರ್ ಪಡೆಯಬೇಡಿ

ಕಲಬುರಗಿಯಿಂದ ಥಾಯ್ಲೆಂಡ್ ಪ್ರವಾಸಕ್ಕೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಲ್ಲಿನ ಫುಕೆಟ್ ದ್ವೀಪದಲ್ಲಿ ನನಗೂ ನನ್ನ ತಮ್ಮನಿಗೂ ಆದದ್ದು ನಿಮಗೆ ಆಗಬಾರದು.

ಟ್ಯಾಕ್ಸಿ ದುಬಾರಿ ಎನಿಸಿತ್ತು. ಹೋಟೆಲಿನ ಪಕ್ಕದ ಅಂಗಡಿಯಲ್ಲಿ ಸ್ಕೂಟರ್ ಬಾಡಿಗೆ ದಿನಕ್ಕೆ 300 ಬಾತ್ (ಥಾಯ್ಲೆಂಡಿನ ಹಣ). ಅಲ್ಲಿಯೂ ನಮ್ಮಂತೆಯೇ ಎಡಬದಿಯ ಸಂಚಾರ. "ಅಣ್ಣಾ, ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಸಂದಣಿಯಲ್ಲಿ ದಿನವೂ ಗಾಡಿ ಓಡಿಸುವವರು ನಾವು, ಇಲ್ಲಿ ಏನು ಹೆದರಿಕೆ?" ಎಂದ ತಮ್ಮ. ನನಗೂ ಸರಿ ಎನಿಸಿತು. ಅಂಗಡಿಯವಳು ಒತ್ತೆಯಾಗಿ ಪಾಸ್‌ಪೋರ್ಟ್ ಕೇಳಿದಳು, ಕೊಟ್ಟೆ. ಗಾಡಿಯ ಸುತ್ತ ಒಮ್ಮೆ ತಿರುಗಿ ನೋಡಲಿಲ್ಲ, ಒಂದು ಫೋಟೊ ತೆಗೆದುಕೊಳ್ಳಲಿಲ್ಲ.

ನಮ್ಮದು ಬಯಲು ಸೀಮೆ, ರಸ್ತೆಯೆಂದರೆ ಚಾಪೆ ಹಾಸಿದಂತೆ. ಪಟಾಂಗ್ ಕಡಲತೀರದಿಂದ ಕರೋನ್ ಕಡಲತೀರದ ಕಡೆಗಿನ ರಸ್ತೆ ಗುಡ್ಡ ಹತ್ತಿ ಇಳಿಯುತ್ತದೆ. ಮಳೆ ನಿಂತ ಮೇಲೆ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ಇಬ್ಬರೂ ಕಾಲೂರಿ ಹೇಗೋ ನಿಂತೆವು. ಬೀಳಲಿಲ್ಲ, ಅದು ಶರಣಬಸವೇಶ್ವರರ ದಯೆ. ಮರುದಿನ ಪೊಲೀಸರು ತಡೆದರು. ಕಲಬುರಗಿಯ ಲೈಸೆನ್ಸ್ ತೋರಿಸಿದೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಎಲ್ಲಿ ಎಂದು ಕೇಳಿ 500 ಬಾತ್ ದಂಡ ಹಾಕಿದರು.

ನಿಜವಾದ ಪೆಟ್ಟು ಬಿದ್ದದ್ದು ಗಾಡಿ ಮರಳಿಸುವಾಗ. ಅಂಗಡಿಯವಳು ಬಗ್ಗಿ ಕುಳಿತು ಸೈಲೆನ್ಸರ್ ಕೆಳಗಿನ ಬೆರಳುದ್ದದ ಗೀರಿನ ಮೇಲೆ ಉಗುರು ಎಳೆದು ತೋರಿಸಿದಳು. 8,000 ಬಾತ್ ಕೊಡಬೇಕಂತೆ. ಆ ಗೀರಿನೊಳಗೆ ಕೆಂಪು ತುಕ್ಕು ಹಿಡಿದಿತ್ತು. ಎರಡು ದಿನದಲ್ಲಿ ಅಷ್ಟು ತುಕ್ಕು ಹಿಡಿಯುವುದುಂಟೇ ಎಂದು ಕೇಳಿದೆ. "ಪೊಲೀಸರನ್ನು ಕರೆಯಲೇ?" ಎಂದಳು. ಪರವಾನಗಿಯಿಲ್ಲದೆ ಓಡಿಸಿದ್ದ ನನಗೆ ಬಾಯಿ ಕಟ್ಟಿಹೋಯಿತು. ಪಾಸ್‌ಪೋರ್ಟ್ ಅವಳ ಮೇಜಿನ ಖಾನೆಯಲ್ಲಿ, ಸಂಜೆಗೆ ಹೈದರಾಬಾದಿನ ವಿಮಾನ. ಗೋಗರೆದು 6,000 ಬಾತ್ ತೆತ್ತೆ. ನಮ್ಮ ಲೆಕ್ಕದಲ್ಲಿ ಹದಿನೈದು ಸಾವಿರ ರೂಪಾಯಿಗೂ ಹೆಚ್ಚು.

ಊರಿಗೆ ಬಂದ ಮೇಲೆ ಪ್ರವಾಸ ವಿಮೆಯ ಪತ್ರ ಓದಿದಾಗ ಮೈ ನಡುಗಿತು. ಆ ದೇಶದಲ್ಲಿ ಊರ್ಜಿತವಾದ ಪರವಾನಗಿ ಇಲ್ಲದೆ ವಾಹನ ಓಡಿಸಿ ಗಾಯಗೊಂಡರೆ ಆಸ್ಪತ್ರೆಯ ಖರ್ಚಿನ ಒಂದು ಪೈಸೆಯೂ ಬರುವುದಿಲ್ಲ. ಆ ತಿರುವಿನಲ್ಲಿ ತಮ್ಮನ ಕಾಲು ಮುರಿದಿದ್ದರೆ ಹೊಲ ಮಾರಬೇಕಾಗುತ್ತಿತ್ತು.

ಅಂತರರಾಷ್ಟ್ರೀಯ ಪರವಾನಗಿ ಸಿಗುವುದು ನಮ್ಮ ಆರ್‌ಟಿಒ ಕಚೇರಿಯಲ್ಲಿಯೇ. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅದರಲ್ಲಿ ದ್ವಿಚಕ್ರ ವಾಹನದ ವರ್ಗ ನಮೂದಾಗಿದೆಯೇ ನೋಡಿಕೊಳ್ಳಿ. ಕಾರಿನ ಲೈಸೆನ್ಸ್ ಮಾತ್ರ ಇರುವವರು ಸ್ಕೂಟರ್ ಮುಟ್ಟಲೇಬೇಡಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಒತ್ತೆಯಿಡಲು ಅದು ನಮ್ಮದಲ್ಲ. ನಗದು ಠೇವಣಿ ಒಪ್ಪದ ಅಂಗಡಿಯಾದರೆ ಎದ್ದು ಬನ್ನಿ. ಗಾಡಿಯನ್ನು ಅಂಗಡಿಯವರ ಎದುರಿನಲ್ಲೇ ಸುತ್ತಲೂ, ಕೆಳಭಾಗವೂ ಕಾಣುವಂತೆ ವಿಡಿಯೊ ಮಾಡಿಕೊಳ್ಳಿ. ತಕರಾರು ಬಂದರೆ ಪ್ರವಾಸಿ ಪೊಲೀಸರ ಸಂಖ್ಯೆ 1155, ಇಂಗ್ಲಿಷ್‌ನಲ್ಲಿ ಮಾತನಾಡಬಹುದು.

ನನ್ನನ್ನು ಕೇಳಿದರೆ ಸ್ಕೂಟರೇ ಬೇಡ. ವಿಮಾನ ನಿಲ್ದಾಣದಿಂದ ಪಟಾಂಗ್, ಕರೋನ್, ಕಾಟಾ ಮೂಲಕ ರವಾಯ್ ತನಕ ಸ್ಮಾರ್ಟ್ ಬಸ್ ಇದೆ. ಫುಕೆಟ್ ಪಟ್ಟಣದಿಂದ ಕಡಲತೀರಗಳಿಗೆ ಸಾಂಗ್‌ಥಾವ್ ಎಂಬ ನೀಲಿ ಬಸ್ಸುಗಳು ಓಡುತ್ತವೆ, ನಮ್ಮ ಟಂಟಂ ಆಟೊಗಳಂತೆ ಎದುರುಬದುರು ಆಸನ. ಸಂಜೆಯಾದರೆ ಅವು ಸಿಗುವುದಿಲ್ಲ. ಆಗ ಗ್ರ್ಯಾಬ್ ಅಥವಾ ಬೋಲ್ಟ್ ಟ್ಯಾಕ್ಸಿ ಆ್ಯಪ್‌ನಲ್ಲಿ ಹತ್ತುವ ಮೊದಲೇ ಬಾಡಿಗೆ ಕಾಣುತ್ತದೆ, ಪಾಸ್‌ಪೋರ್ಟ್ ಕೇಳುವವರಿಲ್ಲ.