ಅಮೆರಿಕದಲ್ಲೇ ಮಾಡಿದ ಚಾಕು, ಕೈಗೆಟುಕುವ ಬೆಲೆಗೆ: ಸೆವಿಯರ್‌ವಿಲ್‌ನ ಅಂಗಡಿ ಮತ್ತು ಅದರಾಚೆ

ಟೆನೆಸಿ ರಾಜ್ಯಕ್ಕೆ ಸ್ಮೋಕಿ ಬೆಟ್ಟ ನೋಡಲು ಬರುವ ನಮ್ಮವರು ನೇರವಾಗಿ ಪಿಜನ್ ಫೋರ್ಜ್, ಗ್ಯಾಟ್ಲಿನ್‌ಬರ್ಗ್ ಕಡೆ ಓಡುತ್ತಾರೆ. ದಾರಿಯಲ್ಲೇ ಸಿಗುವ ಸೆವಿಯರ್‌ವಿಲ್‌ನಲ್ಲಿ ಕಾರು ನಿಲ್ಲಿಸುವವರು ಕಡಿಮೆ. ನಾನು ಮಾತ್ರ ನಾಕ್ಸ್‌ವಿಲ್‌ನಿಂದ ಆ ಊರಿಗೆಂದೇ ಹೋಗುತ್ತೇನೆ. ಅಲ್ಲಿರುವ ಸ್ಮೋಕಿ ಮೌಂಟನ್ ನೈಫ್ ವರ್ಕ್ಸ್ ಅದಕ್ಕೆ ಕಾರಣ. 1978ರಲ್ಲಿ ಶುರುವಾದ ಈ ಅಂಗಡಿಯಲ್ಲಿ ಎಲ್ಲಿ ನೋಡಿದರೂ ಚಾಕು. ನ್ಯಾಷನಲ್ ನೈಫ್ ಮ್ಯೂಸಿಯಂ ಕೂಡ ಇದೇ ಕಟ್ಟಡದೊಳಗಿದೆ.

ನಾನು ಸಂಗ್ರಹಿಸುವುದು ಜೇಬಿನಲ್ಲಿ ಹಿಡಿಸುವ ಮಡಚುವ ಚಾಕುಗಳನ್ನು. ಅವು ಅಮೆರಿಕದಲ್ಲೇ ತಯಾರಾಗಿರಬೇಕು, ಬೆಲೆ ಜೇಬು ಸುಡಬಾರದು. ಈ ಎರಡೂ ಒಟ್ಟಿಗೆ ಸಿಗುವುದು ಈಗ ಅಷ್ಟು ಸುಲಭವಲ್ಲ. ಓಲ್ಡ್ ಟೈಮರ್ ಚಾಕು ಮಾಡುತ್ತಿದ್ದ ಇಂಪೀರಿಯಲ್ ಶ್ರೇಡ್ ಕಂಪನಿ ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿತ್ತು. 2004ರಲ್ಲಿ ಮುಚ್ಚಿತು. ಅದೇ ರಾಜ್ಯದ ಕೆಮಿಲಸ್ 2007ರಲ್ಲಿ ಮುಚ್ಚಿತು. ಸೈನಿಕರಿಗೂ ಸ್ಕೌಟ್ ಹುಡುಗರಿಗೂ ಚಾಕು ಮಾಡಿಕೊಟ್ಟ ಕಾರ್ಖಾನೆ ಅದು. ಹೆಸರುಗಳು ಮಾರಾಟವಾದವು, ಕೆಲಸಗಾರರು ಮನೆಗೆ ಹೋದರು. ಹಾಗಾಗಿ ಆ ಊರುಗಳಲ್ಲಿ ತಯಾರಾದ ಒಂದು ಹಳೆಯ ಚಾಕು ಕೈಗೆ ಬಂದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಒಳಗೆ ಕಾಲಿಟ್ಟರೆ ಕಣ್ಣಿಗೆ ಬೀಳುವ ಅಗ್ಗದ ಚಾಕುಗಳಲ್ಲಿ ಹೆಚ್ಚಿನವು ಹೊರದೇಶದ ಮಾಲು. ಅಂಗಡಿಯ ಸ್ವಂತ ಹೆಸರಾದ ರಫ್ ರೈಡರ್ ಚೀನಾದಲ್ಲಿ ತಯಾರಾಗುತ್ತದೆ. ಮೂಳೆಯ ಹಿಡಿ, ಎರಡು ಅಲಗು, ಹಳೇ ಅಮೆರಿಕನ್ ಚಾಕುವಿನದೇ ಆಕಾರ. ದುಡ್ಡಿಗೆ ಒಳ್ಳೆಯ ಚಾಕುವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಮೆರಿಕದ್ದು ಬೇಕು ಅಂತ ಬಂದವರು ಬೆಲೆ ನೋಡಿ ಅದನ್ನೇ ಎತ್ತಿಕೊಂಡು ಹೋಗುವುದನ್ನು ಕಂಡಿದ್ದೇನೆ. ಡಬ್ಬಿಯ ಮೇಲಿನ ಬಾವುಟದ ಚಿತ್ರ, ಹದ್ದಿನ ಚಿತ್ರ ಯಾವುದನ್ನೂ ನಂಬಬೇಡಿ. ಚಾಕು ತೆರೆದು ಅಲಗಿನ ಬುಡ ನೋಡಿ. ಹಿಡಿಯೊಳಗೆ ಸೇರುವ ಜಾಗದಲ್ಲಿ ಕಂಪನಿಯ ಮುದ್ರೆ ಇರುತ್ತದೆ. ನೀವು ದುಡ್ಡು ಕೊಡುವುದು ಆ ಮುದ್ರೆಗೆ. ಗಾಜಿನ ಕಪಾಟಿನಿಂದ ಚಾಕು ತೆಗೆದು ಕೈಗೆ ಕೊಡಿ ಅಂತ ಕೇಳಲು ಸಂಕೋಚ ಬೇಡ. ಇಲ್ಲಿನವರು ಬೇಸರ ಮಾಡಿಕೊಳ್ಳದೆ ತೆಗೆದುಕೊಡುತ್ತಾರೆ. ನನಗೆ ಈ ಅಂಗಡಿ ಇಷ್ಟವಾಗಲು ಅದೇ ದೊಡ್ಡ ಕಾರಣ.

ಮುದ್ರೆ ಓದಲು ಕಲಿಯುವವರಿಗೆ ಕೇಸ್ ಕಂಪನಿಯೇ ಒಳ್ಳೆಯ ಶಾಲೆ. ಪೆನ್ಸಿಲ್ವೇನಿಯಾದ ಬ್ರ್ಯಾಡ್‌ಫರ್ಡ್‌ನಲ್ಲಿ ಇವತ್ತಿಗೂ ಚಾಕು ಮಾಡುತ್ತಿದೆ. 1993ರಿಂದ ಅದೇ ಊರಿನ ಜಿಪ್ಪೋ ಲೈಟರ್‌ನವರ ಕೈಯಲ್ಲಿದೆ. 1970ರಲ್ಲಿ ಇವರು ಹೆಸರಿನ ಕೆಳಗೆ ಹತ್ತು ಚುಕ್ಕಿ ಒತ್ತಿದರು. ಆಮೇಲೆ ವರ್ಷಕ್ಕೊಂದು ಚುಕ್ಕಿ ತೆಗೆಯುತ್ತಾ ಬಂದರು. ಏಳು ಚುಕ್ಕಿ ಇದ್ದರೆ 1973, ಒಂದೇ ಇದ್ದರೆ 1979. 1980ರಲ್ಲಿ ಮತ್ತೆ ಹತ್ತರಿಂದ ಶುರು. ಆಗ ಇಂಗ್ಲಿಷಿನ ಎಸ್ ಅಕ್ಷರವನ್ನು ಮಿಂಚಿನ ಹಾಗೆ ಚೂಪಾಗಿ ಬರೆದರು. ಹಾಗಾಗಿ ಎರಡು ದಶಕ ಬೆರೆತುಹೋಗುವುದಿಲ್ಲ. ಚುಕ್ಕಿಯೇ ಇಲ್ಲದೆ ಕೇಸ್, ಎರಡು ಎಕ್ಸ್, ಯುಎಸ್‌ಎ ಅಂತ ಮಾತ್ರ ಇದ್ದರೆ ಅದು 1965ರಿಂದ 1969ರ ನಡುವಿನದು.

ಅಲಗಿನ ಮೇಲಿನ ನಂಬರಿಗೂ ಅರ್ಥವಿದೆ. 6318 ತೆಗೆದುಕೊಳ್ಳಿ. 6 ಅಂದರೆ ಮೂಳೆಯ ಹಿಡಿ, 3 ಅಂದರೆ ಮೂರು ಅಲಗು, 18 ಅಂದರೆ ಆಕಾರ. ದನ ಸಾಕುವವರ ಜೇಬಿನಲ್ಲಿ ಇರುತ್ತಿದ್ದ ಸ್ಟಾಕ್‌ಮನ್ ಅದು. ಮೊದಲ ಅಂಕಿ 3 ಆದರೆ ಹಳದಿ ಪ್ಲಾಸ್ಟಿಕ್ ಹಿಡಿ, 5 ಆದರೆ ಜಿಂಕೆ ಕೊಂಬು. ಮಾರುವವನಿಗೆ ಇದು ಗೊತ್ತಿಲ್ಲದೆ ನಿಮಗೆ ಗೊತ್ತಿದ್ದರೆ, ಅಗ್ಗದ ಮಾಲು ಸಿಗುವುದೇ ಅಲ್ಲಿ.

ಮಾರುವವನಿಗೆ ಗೊತ್ತಿಲ್ಲದ ಜಾಗ ಸೆವಿಯರ್‌ವಿಲ್‌ನ ಅಂಗಡಿ ಅಲ್ಲ. ಅಲ್ಲಿ ಹೊಸದನ್ನು ಕೊಳ್ಳಿ, ನೋಡಿ ಕಲಿಯಿರಿ. ಹಳೆಯದಕ್ಕೆ ಸಂತೆಗೇ ಹೋಗಬೇಕು. ಆಗಸ್ಟ್ ತಿಂಗಳ ಮೊದಲ ಗುರುವಾರದಿಂದ ಭಾನುವಾರದವರೆಗೆ 127ನೇ ಹೆದ್ದಾರಿಯ ಉದ್ದಕ್ಕೂ ಯಾರ್ಡ್ ಸೇಲ್ ನಡೆಯುತ್ತದೆ. 1987ರಲ್ಲಿ ಶುರುವಾದದ್ದು. ಮಿಶಿಗನ್‌ನಿಂದ ಅಲಬಾಮಾದವರೆಗೆ ಸುಮಾರು 690 ಮೈಲಿ. ಜನ ಮನೆಮುಂದೆ, ಹೊಲದಲ್ಲಿ ಮೇಜು ಹಾಕಿ ಮನೆಯ ಹಳೇ ಸಾಮಾನು ಮಾರುತ್ತಾರೆ. ನಮಗೆ ಹತ್ತಿರವಾಗುವುದು ಕ್ರಾಸ್‌ವಿಲ್, ಜೇಮ್ಸ್‌ಟೌನ್ ಭಾಗ. ತಾತನ ಗ್ಯಾರೇಜಿನ ಡಬ್ಬ ಅಂತ ಇಟ್ಟಿರುತ್ತಾರಲ್ಲ, ಮೊಳೆ, ಸ್ಪ್ಯಾನರ್, ತುಕ್ಕು ಹಿಡಿದ ಬೀಗ, ಅದರ ತಳದಲ್ಲಿ ಕೈಯಾಡಿಸಬೇಕು. ಎಲೆನ್‌ವಿಲ್ ಕಾಲದ ಓಲ್ಡ್ ಟೈಮರ್ ನನಗೆ ಹೆಚ್ಚಾಗಿ ಸಿಕ್ಕಿರುವುದು ಅಲ್ಲೇ. ಅಲಗಿನ ಬುಡದಲ್ಲಿ ಶ್ರೇಡ್, ಯುಎಸ್‌ಎ ಅಂತ ಇರಬೇಕು. ಈಗ ಅಂಗಡಿಗಳಲ್ಲಿ ಅದೇ ಹೆಸರಲ್ಲಿ ಬರುವ ಮಾಲಿನಲ್ಲಿ ಹೆಚ್ಚಿನದು ಚೀನಾದ್ದು. ಹಳೆಯ ಸ್ಟಾಕ್‌ಮನ್‌ಗೆ 30 ಡಾಲರ್ ಆಚೀಚೆ ಕೊಟ್ಟರೆ ನನ್ನ ಮಟ್ಟಿಗೆ ನ್ಯಾಯವಾದ ಬೆಲೆ. ಕೆಮಿಲಸ್ ಇನ್ನೂ ಕಡಿಮೆಗೆ ಸಿಗುತ್ತದೆ.

ಹಳೆಯದನ್ನು ಕೈಗೆತ್ತಿಕೊಂಡಾಗ ಅಲಗನ್ನು ನಿಧಾನವಾಗಿ ತೆರೆದು ಮುಚ್ಚಿ. ಸ್ಪ್ರಿಂಗ್ ಗಟ್ಟಿ ಇದ್ದರೆ ಟಕ್ ಅಂತ ಸದ್ದು ಬರುತ್ತದೆ. ಇಲ್ಲಿನ ಸಂಗ್ರಾಹಕರು ಅದಕ್ಕೆ ವಾಕ್ ಅಂಡ್ ಟಾಕ್ ಅನ್ನುತ್ತಾರೆ. ತೆರೆದ ಅಲಗು ಅಕ್ಕಪಕ್ಕ ಅಲ್ಲಾಡಬಾರದು. ಬೆಳಕಿಗೆ ಹಿಡಿದರೆ ಸ್ಪ್ರಿಂಗ್ ಮತ್ತು ಹಿಡಿಯ ನಡುವೆ ಸಂದು ಕಾಣಬಾರದು. ಸಾಣೆ ಹಿಡಿದು ಹಿಡಿದು ಅಲಗು ಸಣಕಲಾಗಿದ್ದರೆ ಬಿಟ್ಟುಬಿಡಿ. ಬೂದು ಬಣ್ಣ ತಿರುಗಿದ ಅಲಗಿಗೆ ಹೆದರಬೇಡಿ, ಕಾರ್ಬನ್ ಉಕ್ಕು ಬಳಸಿದರೆ ಹಾಗಾಗುವುದೇ. ಹೆದರಬೇಕಾದ್ದು ಕೆಂಪು ತುಕ್ಕಿಗೆ, ಅದಕ್ಕಿಂತ ಜಾಸ್ತಿ ಕನ್ನಡಿಯ ಹಾಗೆ ಹೊಳೆಯುವ ಹಳೇ ಚಾಕುವಿಗೆ. ಒಬ್ಬ ವ್ಯಾಪಾರಿ ನನಗೆ ಅಂಥದ್ದೊಂದನ್ನು ತೋರಿಸಿ ಭಾರೀ ಬೆಲೆ ಹೇಳಿದ. ಉಜ್ಜಿ ಉಜ್ಜಿ ಮುದ್ರೆಯೇ ಅರ್ಧ ಅಳಿಸಿಹೋಗಿತ್ತು. ಓದಲಾಗದ ಮುದ್ರೆಗೆ ಸಂಗ್ರಹದಲ್ಲಿ ಬೆಲೆ ಇಲ್ಲ, ವಾಪಸ್ ಕೊಟ್ಟು ಬಂದೆ.

ಇನ್ನು ಉಡುಗೊರೆ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಮರದ ಡಬ್ಬಿಯಲ್ಲಿ ಮಲಗಿಸಿ ಮಾರುವ, ಅಲಗಿನ ಮೇಲೆ ಬಣ್ಣದ ಚಿತ್ರ ಬಿಡಿಸಿದ ಚಾಕು ಕೊಡಬೇಡಿ. ಯಾರೂ ಅದನ್ನು ಬಳಸುವುದಿಲ್ಲ. ಕೊಟ್ಟರೆ ಕೆಲಸದ ಚಾಕು ಕೊಡಿ. ಕೇಸ್‌ನ ಸಾಡ್‌ಬಸ್ಟರ್ ಜೂನಿಯರ್ 50 ಡಾಲರ್ ಆಸುಪಾಸಿಗೆ ಸಿಗುತ್ತದೆ. ಒಂದೇ ಅಲಗು, ಸರಳವಾದ ಹಿಡಿ. ಶಿರಸಿ ಕಡೆ ತೋಟ ಇರುವ ನನ್ನ ಸೋದರಮಾವನಿಗೆ ಕಪ್ಪು ಹಿಡಿಯದ್ದು ಒಯ್ದೆ. ಅವರು ಅದರಲ್ಲೇ ಮಾವಿಗೆ ಕಸಿ ಕಟ್ಟುತ್ತಾರೆ, ಅದರಲ್ಲೇ ಹಣ್ಣು ಹೆಚ್ಚುತ್ತಾರೆ. ಕಪ್ಪು ಹಿಡಿಯದ್ದು ಸ್ಟೇನ್‌ಲೆಸ್, ಮಲೆನಾಡಿನ ಮಳೆಗಾಲ ತಡೆಯುತ್ತದೆ. ಹಳದಿ ಹಿಡಿಯ ಸಿವಿ ಉಕ್ಕಿನದ್ದು (ಕ್ರೋಮ್, ವನೇಡಿಯಂ ಬೆರೆಸಿದ ಕಾರ್ಬನ್ ಉಕ್ಕು) ಬೇಗ ಹರಿತವಾಗುತ್ತದೆ, ಆದರೆ ಒರೆಸಿ ಎಣ್ಣೆ ಹಚ್ಚದಿದ್ದರೆ ತುಕ್ಕು. ದಾವಣಗೆರೆಯ ಒಣಹವೆಗೆ ಅದು ಸರಿ.

ದೊಡ್ಡ ಕೈಯವರಿಗೆ ಬಕ್ ಕಂಪನಿಯ 110. 1964ರಲ್ಲಿ ಮಾರುಕಟ್ಟೆಗೆ ಬಂದ ಚಾಕು, ಹಿತ್ತಾಳೆಯ ತುದಿ, ಮರದ ಹಿಡಿ, ತೆರೆದರೆ ಲಾಕ್ ಆಗುತ್ತದೆ. ಕಂಪನಿ 2005ರಲ್ಲಿ ಕ್ಯಾಲಿಫೋರ್ನಿಯಾದಿಂದ ಐಡಹೋದ ಪೋಸ್ಟ್ ಫಾಲ್ಸ್‌ಗೆ ಬಂತು. ಅವರ ಅಗ್ಗದ ಮಾದರಿಗಳಲ್ಲಿ ಕೆಲವು ಚೀನಾದವು, 110 ಅಮೆರಿಕದ್ದೇ. ಕೈಯಲ್ಲಿ ತೂಕ ಇದೆ, ಪ್ಯಾಂಟಿನ ಜೇಬಿಗೆ ಭಾರ. ಜೊತೆಗೆ ಬೆಲ್ಟಿಗೆ ಸಿಕ್ಕಿಸುವ ಚೀಲ ಬರುತ್ತದೆ.

ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಅಂತ ನಮ್ಮ ಹಿರಿಯರು ಹೇಳುವುದಿದೆ. ಇಲ್ಲಿಯವರಿಗೂ ಇಂಥ ನಂಬಿಕೆ ಇದೆ. ಚಾಕು ಪಡೆದವರು ಒಂದು ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ತಿರುಗಿ ಕೊಟ್ಟು, ಕೊಂಡ ಲೆಕ್ಕ ಮಾಡುತ್ತಾರೆ. ನಾನು ಡಬ್ಬಿಯೊಳಗೇ ಒಂದು ಪೆನ್ನಿ ಇಟ್ಟು ಕೊಡುತ್ತೇನೆ, ಅದನ್ನೇ ನನಗೆ ವಾಪಸ್ ಕೊಡಲಿ ಅಂತ.

ಊರಿಗೆ ಒಯ್ಯುವವರು ಚೆಕ್‌ಇನ್ ಪೆಟ್ಟಿಗೆಯಲ್ಲೇ ಹಾಕಿ, ಕೈಚೀಲದಲ್ಲಿ ಬೇಡವೇ ಬೇಡ. ಗುಂಡಿ ಒತ್ತಿದರೆ ತಾನೇ ತೆರೆದುಕೊಳ್ಳುವ ಚಾಕು ಅಂತೂ ಕೊಳ್ಳಲೇಬೇಡಿ, ವಿಮಾನ ನಿಲ್ದಾಣದಲ್ಲಿ ಸುಮ್ನೆ ತಕರಾರು.

ಸೆವಿಯರ್‌ವಿಲ್‌ನ ಅಂಗಡಿಗೆ ನಾನು ಐದರಲ್ಲಿ ನಾಲ್ಕು ಕೊಡುತ್ತೇನೆ. ಅಮೆರಿಕದ ಮಾಲನ್ನೆಲ್ಲ ಒಂದೇ ಕಡೆ ಜೋಡಿಸಿದ್ದರೆ ಐದಕ್ಕೆ ಐದೂ ಕೊಡುತ್ತಿದ್ದೆ. ಅಕ್ಟೋಬರ್‌ನಲ್ಲಿ ಎಲೆ ಬಣ್ಣ ತಿರುಗುವಾಗ ಆ ರಸ್ತೆಯ ಟ್ರಾಫಿಕ್ ವಿಪರೀತ. ವಾರದ ನಡುವೆ, ಬೆಳಗ್ಗೆ ಹೋಗಿ. ಕೌಂಟರಿನವರಿಗೂ ಆಗ ಪುರುಸೊತ್ತು ಇರುತ್ತದೆ, ಎಷ್ಟು ಚಾಕು ಬೇಕಾದರೂ ತೆರೆಸಿ ನೋಡಬಹುದು.