ನನ್ನದೇ ಪರ್ಫ್ಯೂಮ್ ಮಾಡಿಕೊಳ್ಳಲು ಹೋಗಿ ಕುತ್ತಿಗೆ ಸುಟ್ಟುಕೊಂಡೆ

ಪರ್ಫ್ಯೂಮ್ ವರ್ಕ್‌ಶಾಪ್‌ಗೆ ಸೀಟು ಬುಕ್ ಮಾಡಿರುವವರು ಹೋಗುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ಹೋಗಲೇಬೇಡಿ ಅನ್ನುತ್ತಿಲ್ಲ. ನನ್ನ ಹಾಗೆ ಏನೂ ಕೇಳದೆ ಹೋಗಬೇಡಿ, ಅಷ್ಟೇ.

ಅಕ್ಕನ ಹುಟ್ಟುಹಬ್ಬಕ್ಕೆಂದು ಇಬ್ಬರಿಗೂ ನಾನೇ ಬುಕ್ ಮಾಡಿದ್ದೆ. ಎರಡು ಗಂಟೆ ಹೊತ್ತು, ಕೊನೆಗೆ ನಾವೇ ಬೆರೆಸಿದ 30 ಮಿಲಿ ಬಾಟಲಿ ನಮ್ಮ ಕೈಗೆ. ಮೇಜಿನ ಮೇಲೆ ಇಪ್ಪತ್ತನಾಲ್ಕು ಪುಟ್ಟ ಕಂದು ಸೀಸೆಗಳು. ಅವುಗಳ ಮೇಲೆ ನಿಂಬೆ, ಲಾವಂಚ, ಶ್ರೀಗಂಧ ಅಂತೇನೂ ಬರೆದಿರಲಿಲ್ಲ. 'ಬಿಸಿಲು', 'ನೆನಪು', 'ಮೊದಲ ಮಳೆ' ಅಂತ ಚೀಟಿ ಅಂಟಿಸಿದ್ದರು. ಆಗ ನನಗೆ ಅದು ಬಹಳ ಕಾವ್ಯಮಯವಾಗಿ ಕಂಡಿತ್ತು, ಸುಳ್ಳು ಯಾಕೆ ಹೇಳಲಿ.

ಹೇಳಿಕೊಡುವವರು ಟಾಪ್ ನೋಟ್, ಹಾರ್ಟ್ ನೋಟ್, ಬೇಸ್ ನೋಟ್ ಅಂತ ಚುಟುಕಾಗಿ ವಿವರಿಸಿದರು. ಕಿತ್ತಳೆ ನಿಂಬೆ ಜಾತಿಯವು ಮೊದಲು ಮೂಗಿಗೆ ಬಡಿದು ಬೇಗ ಹಾರಿಹೋಗುತ್ತವೆ, ಹೂವಿನವು ಒಂದೆರಡು ಗಂಟೆ ನಿಲ್ಲುತ್ತವೆ, ಮರ ಬೇರಿನ ವಾಸನೆಗಳು ಕೊನೆಯವರೆಗೂ ಅಂಟಿಕೊಂಡಿರುತ್ತವೆ. ಇದು ಸರಿಯೇ. ಆದರೆ ಹೇಳಿದ್ದಕ್ಕೆ ತಕ್ಕ ಹಾಗೆ ಮಾಡಿಸಬೇಕಲ್ಲ? ಅರ್ಧ ಗಂಟೆಯಲ್ಲಿ ಇಪ್ಪತ್ತನಾಲ್ಕೂ ಮೂಸಿಸಿದರು. ಎಂಟನೆಯದಕ್ಕೆ ಬರುವಷ್ಟರಲ್ಲಿ ಮೂಗು ಕೈಕೊಟ್ಟಿತ್ತು. ನಡುನಡುವೆ ಕಾಫಿ ಬೀಜದ ಬಟ್ಟಲು ಮುಂದೆ ಹಿಡಿದು "ಇದನ್ನ ಮೂಸಿ, ಮೂಗು ಫ್ರೆಶ್ ಆಗುತ್ತೆ" ಅನ್ನುತ್ತಿದ್ದರು. ಕಾಫಿ ಬೀಜ ಮೂಸಿದರೂ ಒಂದೇ, ಬರೀ ಗಾಳಿ ಎಳೆದುಕೊಂಡರೂ ಒಂದೇ ಅಂತ 2011ರಲ್ಲೇ ಒಂದು ಪ್ರಯೋಗದಲ್ಲಿ ಕಂಡಿದೆ. ಇದು ನನಗೆ ಗೊತ್ತಾದದ್ದು ಆಮೇಲೆ.

ನನಗೆ 'ಬಿಸಿಲು' ಹುಚ್ಚು ಹಿಡಿಸಿತು. ಮೂಗು ಸೋತಿದ್ದರಿಂದ ಎಷ್ಟು ಹಾಕಿದರೂ ಸಾಲದು ಅನ್ನಿಸುತ್ತಿತ್ತು. ತೂಕ ಮಾಡಲು ತಕ್ಕಡಿ ಇರಲಿಲ್ಲ, ಡ್ರಾಪರ್‌ನಿಂದ ಹನಿ ಲೆಕ್ಕ. ಹತ್ತು, ಇಪ್ಪತ್ತು, ಕೊನೆಗೆ ನಲವತ್ತು ಹನಿ. "ಇಷ್ಟು ಹಾಕಬಹುದಾ?" ಅಂತ ಕೇಳಿದ್ದು ನಿಜ. "ಎಲ್ಲ ನ್ಯಾಚುರಲ್ ಮೇಡಂ, ಏನೂ ಆಗಲ್ಲ" ಅಂದರು. ಮೇಲಿಂದ ಆಲ್ಕೋಹಾಲ್ ತುಂಬಿಸಿ, ಅಲ್ಲಾಡಿಸಿ, ರಿಬ್ಬನ್ ಕಟ್ಟಿ ಕೊಟ್ಟರು. ಏನೇನು ಎಷ್ಟೆಷ್ಟು ಅಂತ ಬರೆದುಕೊಂಡಿದ್ದ ಕಾರ್ಡು ಮಾತ್ರ ವಾಪಸ್ ಇಸಿದುಕೊಂಡರು. ಫಾರ್ಮುಲಾ ಅವರ ಹತ್ತಿರವೇ ಇರುತ್ತದಂತೆ, ಮತ್ತೆ ಬೇಕಾದರೆ ಅವರಿಂದಲೇ ಆರ್ಡರ್ ಮಾಡಬೇಕಂತೆ.

ನಾನೂ ಪೂರಾ ದಡ್ಡಿಯಲ್ಲ. ಮನೆಗೆ ಬಂದು ಮೊಣಕೈ ಒಳಮಡಿಕೆಗೆ ಒಂದು ಚೂರು ಹಚ್ಚಿ ಎರಡು ದಿನ ಕಾದೆ. ತುರಿಕೆಯಿಲ್ಲ, ಕೆಂಪಿಲ್ಲ. ಪಾಸ್. ಉದ್ದ ತೋಳಿನ ಬಟ್ಟೆ ಹಾಕಿಕೊಂಡಿದ್ದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಮೂರನೆಯ ದಿನ ಬೆಳಿಗ್ಗೆ ಕುತ್ತಿಗೆಯ ಎಡಕ್ಕೆ ತೀರಾ ಹತ್ತಿರದಿಂದ ಸ್ಪ್ರೇ ಮಾಡಿಕೊಂಡೆ. ಒಂದು ಹನಿ ಇಳಿದು ಎದೆಯ ಕಡೆ ಹರಿಯಿತು, ಬೆರಳಲ್ಲಿ ಒರೆಸಿಕೊಂಡೆ. ಅವತ್ತು ಮಧ್ಯಾಹ್ನದವರೆಗೂ ಹೊರಗಡೆ ಬಿಸಿಲಲ್ಲೇ ಕೆಲಸ. ಸಂಜೆ ಏನೂ ಇಲ್ಲ. ಮಾರನೆಯ ದಿನ ಚುರುಚುರು. ಅದರ ಮರುದಿನ ಕೆಂಪಗೆ ಊದಿ, ನಡುವೆ ಎರಡು ಸಣ್ಣ ಬೊಬ್ಬೆ. ಹನಿ ಹರಿದ ದಾರಿ ಅಳತೆಪಟ್ಟಿ ಇಟ್ಟು ಎಳೆದ ಹಾಗೆ, ತುದಿಯಲ್ಲಿ ಹನಿಯದೇ ಆಕಾರ. ಒರೆಸಿದ ಬೆರಳಿನ ಗುರುತೂ ಇತ್ತು. ನಾನು ಸರದ ಮೇಲೆ ಅನುಮಾನಪಟ್ಟು ಅದನ್ನು ಬಿಚ್ಚಿಟ್ಟಿದ್ದೆ, ಪಾಪ.

ಚರ್ಮದ ಡಾಕ್ಟರು ನೋಡಿದ ಕೂಡಲೇ "ಏನು ಹಚ್ಚಿದ್ರಿ? ಅದರಲ್ಲಿ ಏನೇನಿದೆ?" ಅಂದರು. ನಾನು ಏನು ಹೇಳಲಿ? "ಬಿಸಿಲು ನಲವತ್ತು ಹನಿ, ನೆನಪು ಹನ್ನೆರಡು ಹನಿ" ಅಂದೆ. ಅವರು ಪೆನ್ನು ಕೆಳಗಿಟ್ಟರು.

ವರ್ಕ್‌ಶಾಪಿನವರಿಗೆ ಮೆಸೇಜು ಮೇಲೆ ಮೆಸೇಜು. "ಅದು ನಮ್ಮ ಸೀಕ್ರೆಟ್ ಬ್ಲೆಂಡ್" ಅಂತ ನಾಲ್ಕು ದಿನ ಸತಾಯಿಸಿದರು. ಚರ್ಮದ ಫೋಟೋ ಕಳಿಸಿದ ಮೇಲೆ 'ಬಿಸಿಲು' ತುಂಬಿಸುವ ದೊಡ್ಡ ಬಾಟಲಿಯ ಫೋಟೋ ಬಂತು. ಸೀಕ್ರೆಟ್ಟೂ ಇಲ್ಲ, ಬ್ಲೆಂಡೂ ಇಲ್ಲ. ಸಿಪ್ಪೆ ಹಿಂಡಿ ತೆಗೆದ ಬರ್ಗಮಾಟ್ ಎಣ್ಣೆ, ಏನೂ ಬೆರೆಸದ್ದು.

ಬರ್ಗಮಾಟ್ ಒಂದು ಜಾತಿಯ ಹುಳಿ ಕಿತ್ತಳೆ. ಅದರ ಸಿಪ್ಪೆಯ ಎಣ್ಣೆಯಲ್ಲಿ ಬರ್ಗಾಪ್ಟೆನ್ ಅನ್ನುವ ಅಂಶ ಇರುತ್ತದೆ. ನೆರಳಲ್ಲಿ ಅದು ಸಾಧು. ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ಬಿದ್ದರೆ ಚರ್ಮ ಸುಡುತ್ತದೆ. ಇದು ಅಲರ್ಜಿಯಲ್ಲ, ಸಾಕಷ್ಟು ಎಣ್ಣೆ, ಸಾಕಷ್ಟು ಬಿಸಿಲು ಸೇರಿದರೆ ಯಾರಿಗೆ ಬೇಕಾದರೂ ಆಗಬಹುದು. ತೋಳಿನೊಳಗೆ ಮುಚ್ಚಿಟ್ಟು ಮಾಡಿದ ನನ್ನ ಟೆಸ್ಟು ಯಾಕೆ ಪಾಸಾಯಿತು ಅಂತ ಈಗ ತಿಳಿಯಿತಲ್ಲ? ಬರ್ಗಮಾಟ್ ಬೆರೆತ ಕಲೋನ್ ಸೆಂಟು ಹಚ್ಚಿಕೊಂಡು ಬಿಸಿಲಿಗೆ ಹೋದವರಿಗೆ ಹೀಗೇ ಕಲೆ ಬಿದ್ದದ್ದನ್ನು ವೈದ್ಯರು 1916ರಲ್ಲೇ ದಾಖಲಿಸಿದ್ದಾರೆ. ನೂರು ವರ್ಷ ಹಳೆಯ ವಿಷಯ ಪಾಠ ಹೇಳಲು ಕೂತವರಿಗೆ ಗೊತ್ತಿಲ್ಲ ಅಂದರೆ ಸಿಟ್ಟು ಬರದೆ ಇರುತ್ತದಾ?

ಹೀಗಾಗಬಾರದು ಅಂತಲೇ ಇಫ್ರಾ, ಅಂದರೆ ಅಂತರರಾಷ್ಟ್ರೀಯ ಸುಗಂಧ ಸಂಘಟನೆ, ಮಿತಿ ಹಾಕಿದೆ: ಬಿಸಿಲಿಗೆ ಬೀಳುವ ಚರ್ಮದ ಮೇಲೆ ಹಚ್ಚಿ ತೊಳೆಯದೆ ಬಿಡುವಂಥದ್ದರಲ್ಲಿ ಈ ಎಣ್ಣೆ ಶೇ. 0.4 ದಾಟಬಾರದು. 30 ಮಿಲಿಗೆ ಅದು 0.12 ಮಿಲಿ. ಒಂದು ಹನಿ ಸುಮಾರು 0.03ರಿಂದ 0.05 ಮಿಲಿ ಅಂತಿಟ್ಟುಕೊಂಡರೆ ಎರಡರಿಂದ ನಾಲ್ಕು ಹನಿ. ನಾನು ಹಾಕಿದ್ದು ನಲವತ್ತು. ಬರ್ಗಾಪ್ಟೆನ್ ತೆಗೆದ ಬರ್ಗಮಾಟ್ ಎಣ್ಣೆಯೂ ಸಿಗುತ್ತದೆ, ಅದನ್ನು ತಂದಿಟ್ಟಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. 'ನ್ಯಾಚುರಲ್' ಅಂದರಲ್ಲ, ಸುಟ್ಟದ್ದೇ ಆ ನ್ಯಾಚುರಲ್.

ಆದ್ದರಿಂದ ದುಡ್ಡು ಕಟ್ಟುವ ಮುಂಚೆಯೇ ಕೇಳಿ. ಸೀಸೆಯಲ್ಲಿರುವುದರ ನಿಜವಾದ ಹೆಸರೇನು, ಅದು ಅಪ್ಪಟವೋ ತೆಳು ಮಾಡಿದ್ದೋ, ಯಾವುದನ್ನು ಎಷ್ಟರ ಮೇಲೆ ಹಾಕಬಾರದು. ದಾಲ್ಚಿನ್ನಿ ಮತ್ತು ಲವಂಗದ ಎಣ್ಣೆಗೂ ಇದೇ ಪ್ರಶ್ನೆ ಕೇಳಿ, ಅವು ಬಿಸಿಲಿಲ್ಲದೆಯೂ ಅಲರ್ಜಿ ಎಬ್ಬಿಸಬಲ್ಲವು. ತಕ್ಕಡಿ ಇಟ್ಟು ಗ್ರಾಂ ಲೆಕ್ಕದಲ್ಲಿ ಮಾಡಿಸುವವರಾದರೆ ಅರ್ಧ ನಂಬಬಹುದು, ಯಾಕೆಂದರೆ ಮಂದ ಎಣ್ಣೆಯ ಹನಿಯೇ ಬೇರೆ, ತೆಳು ಎಣ್ಣೆಯ ಹನಿಯೇ ಬೇರೆ. ಫಾರ್ಮುಲಾ ಕಾರ್ಡು ಕೊಡಲ್ಲ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಗುಟ್ಟು ಅವರದಿರಬಹುದು, ಚರ್ಮ ನಿಮ್ಮದು. ಈಗಾಗಲೇ ಒಂದು ಬಾಟಲಿ ತಂದಿಟ್ಟುಕೊಂಡಿದ್ದು ಒಳಗೇನಿದೆ ಗೊತ್ತಿಲ್ಲವಾದರೆ ಮೈಗೆ ಬೇಡ, ಬಟ್ಟೆಗೆ ಹೊಡೆದುಕೊಳ್ಳಿ. ಬಿಳಿ ಬಟ್ಟೆಗೆ ಬೇಡ, ವೆನಿಲ್ಲಾ ವಾಸನೆ ಕೊಡುವ ವೆನಿಲಿನ್ ಇದ್ದರೆ ಕಂದು ಕಲೆ ಬೀಳಬಹುದು.

ಬೊಬ್ಬೆ ಹತ್ತು ದಿನದಲ್ಲಿ ಒಣಗಿತು. ಕಪ್ಪು ಗೆರೆ ಮೂರು ತಿಂಗಳಾದರೂ ಇದೆ, ಹೋಗುತ್ತದೆ ಆದರೆ ನಿಧಾನ ಅಂದಿದ್ದಾರೆ ಡಾಕ್ಟರು. ವರ್ಕ್‌ಶಾಪಿನವರು ಮುಂದಿನ ಸೆಷನ್‌ಗೆ ಡಿಸ್ಕೌಂಟ್ ಕೂಪನ್ ಕಳಿಸಿದ್ದಾರೆ.

ವಿಷಯ ಗೊತ್ತಾದ ದಿನವೇ ಅಕ್ಕನಿಗೆ ಫೋನ್ ಮಾಡಿ "ನೀನು ಬಿಸಿಲು ಎಷ್ಟು ಹನಿ ಹಾಕಿದ್ದೆ?" ಅಂದೆ.

"ಆರೋ ಏಳೋ ಕಣೆ, ಯಾಕೆ?"

ಅದೂ ಜಾಸ್ತಿಯೇ. "ಮೈಗೆ ಹಚ್ಚಿಕೊಂಡ್ಯಾ?"

"ಇಲ್ಲಪ್ಪ. ನೀನು ಕೊಡಿಸಿದ್ದು ಅಂತ ರಿಬ್ಬನ್ ಕೂಡ ಬಿಚ್ಚಿಲ್ಲ."