ಕಲ್ಲಿದ್ದಲೋ, ಗಾಳಿಯೋ? ಕೀನ್ಯಾದ ಎರಡು ಯೋಜನೆಗಳು

ಲಾಮುವಿನ ಕಲ್ಲಿದ್ದಲು ಸ್ಥಾವರ, ತುರ್ಕಾನಾದ ಗಾಳಿ ವಿದ್ಯುತ್ ಯೋಜನೆ: ಎರಡಕ್ಕೂ ಬಹುಪಾಲು ದುಡ್ಡು ಹೊರಗಿನದೇ. ಹಾಗಾಗಿ ಸಾಲ ಯಾರದ್ದು ಅನ್ನುವುದಕ್ಕಿಂತ ಕರಾರಿನಲ್ಲಿ ಏನಿದೆ ಅನ್ನುವುದನ್ನು ಮೊದಲು ನೋಡಿ.

ಕೀನ್ಯಾದ ಕರಾವಳಿಯ ಲಾಮುವಿನಲ್ಲಿ ಕಟ್ಟಬೇಕೆಂದಿದ್ದ ಕಲ್ಲಿದ್ದಲು ಸ್ಥಾವರ 1,050 ಮೆಗಾವಾಟ್‌ನದ್ದು. ಸಾಲ ಚೀನಾದ ಬ್ಯಾಂಕಿನಿಂದ ಬರಬೇಕಿತ್ತು. ಕಲ್ಲಿದ್ದಲೂ ಹಡಗಿನಲ್ಲಿ ಹೊರದೇಶದಿಂದಲೇ. ಅಂದರೆ ಸಾಲ ತೀರಿದರೂ ಖರ್ಚು ನಿಲ್ಲುವುದಿಲ್ಲ, ಅಲ್ವಾ? ಹತ್ತಿರದಲ್ಲೇ ಹವಳದ ಕಲ್ಲಿನ ಮನೆಗಳ ಹಳೇ ಊರು, ಮೀನುಗಾರರ ಕಡಲು. ಊರವರು ಪಟ್ಟು ಬಿಡಲಿಲ್ಲ. ಜನರನ್ನು ಸರಿಯಾಗಿ ಕೇಳಿಲ್ಲವೆಂದು 2019ರಲ್ಲಿ ಪರಿಸರ ನ್ಯಾಯಮಂಡಳಿ ಪರವಾನಗಿ ರದ್ದು ಮಾಡಿತು. ಮುಂದಿನ ವರ್ಷ ಬ್ಯಾಂಕೂ ಹಿಂದೆ ಸರಿಯಿತು.

ಉತ್ತರ ಕೀನ್ಯಾದ ತುರ್ಕಾನಾ ಸರೋವರದ ಬಳಿ 365 ಗಾಳಿಯಂತ್ರಗಳಿವೆ, ಒಟ್ಟು 310 ಮೆಗಾವಾಟ್. ಹಣದಲ್ಲಿ ಯುರೋಪಿನ ಪಾಲು ದೊಡ್ಡದು. ಗಾಳಿಗೆ ಬಿಲ್ ಇಲ್ಲ, ನಿಜ. ಆದರೆ 400 ಕಿಲೋಮೀಟರಿಗೂ ಜಾಸ್ತಿ ಉದ್ದದ ವಿದ್ಯುತ್ ಮಾರ್ಗ ತಡವಾಯಿತು. ಯಂತ್ರಗಳು ಸುಮ್ನೆ ನಿಂತಿದ್ದವು, ಕರಾರಿನ ಪ್ರಕಾರ ದಂಡ ಮಾತ್ರ ಕೀನ್ಯಾ ಜನರ ತಲೆಗೆ ಬಿತ್ತು. 2021ರಲ್ಲಿ ನ್ಯಾಯಾಲಯ ಜಮೀನಿನ ಹಕ್ಕುಪತ್ರಗಳೇ ಸರಿಯಿಲ್ಲ ಎಂದಿತು. ಅಲ್ಲಿ ದನ, ಒಂಟೆ ಮೇಯಿಸುವವರಿಗೆ ಇದು ಬದುಕಿನ ಪ್ರಶ್ನೆ.

ನನ್ನನ್ನು ಕೇಳಿದರೆ ಗಾಳಿಯೇ ಸರಿ. ಆದರೆ ವಿದ್ಯುತ್ ಮಾರ್ಗ ಸಿದ್ಧವಾಗುವ ಮೊದಲೇ ಹಣ ಕಟ್ಟಬೇಕೆಂಬ ಷರತ್ತಿಗೆ ಸಹಿ ಹಾಕಬೇಡಿ. ಜಮೀನಿನ ಮಾತನ್ನು ಊರವರ ಜೊತೆ ಕೂತು ಮೊದಲೇ ಮುಗಿಸಿ.